ತಳ ಕಾಣುವ ಲೋಟ

ಮಾವನವರ ಹಲ್ಲುಗಳನ್ನೆಲ್ಲ ಕೀಳಿಸಿದ ಮೇಲೆ ನಮ್ಮ ಮನೆಯಲ್ಲಿ ಮೊದಲು ನಿಂತದ್ದು ಸಂಜೆಯ ಮಂಡಕ್ಕಿ ಮಿರ್ಚಿ. ಕೊಟ್ಟೂರಿನಲ್ಲಿ ಹುಟ್ಟಿ ಬೆಳೆದವರಿಗೆ ಅದು ಬರೀ ತಿಂಡಿಯಲ್ಲ, ಹೊತ್ತು ಮುಳುಗಿತು ಅನ್ನುವುದಕ್ಕೆ ಗುರುತು. ಬಸ್ ಸ್ಟ್ಯಾಂಡಿನ ಬಂಡಿಯಿಂದ ಕಾಗದದಲ್ಲಿ ಕಟ್ಟಿಸಿಕೊಂಡು ಬಂದು ಅವರು ಕಟ್ಟೆಯ ಮೇಲೆ ಕೂತರೆಂದರೆ ಮುಗಿಯುವ ತನಕ ಮಾತಾಡಿಸುವಂತಿರಲಿಲ್ಲ. ಮಿರ್ಚಿಯ ಹಿಂದೆಯೇ ರೊಟ್ಟಿ ಹೋಯಿತು, ಆಮೇಲೆ ಅನ್ನವೂ ಹೋಯಿತು. ಕೊನೆಗೆ ಉಳಿದದ್ದು ಬೆಳಗಿನ ಒಂದಿಷ್ಟು ಅಂಬಲಿ, ರಾತ್ರಿಯ ಒಂದಿಷ್ಟು ಹಾಲು.

ಒಸಡು ಗಟ್ಟಿಯಾಗದೆ ಹಲ್ಲಿನ ಸೆಟ್ಟು ಹಾಕುವುದಿಲ್ಲ ಎಂದು ಹರಪನಹಳ್ಳಿಯ ಡಾಕ್ಟರು ಮೊದಲೇ ಹೇಳಿದ್ದರು. ಮತ್ತೆ ತೋರಿಸಲು ಹೋದಾಗ ಮಾವನವರ ಒಳಗೆ ಹೋದ ಕೆನ್ನೆ ನೋಡಿ ನನ್ನನ್ನು ಪಕ್ಕಕ್ಕೆ ಕರೆದರು.

“ಹಲ್ಲಿನ ಮಾತು ಆಮೇಲೆ ನೋಡಾಣ್ರಿ. ಹಿಂಗ ಉಪವಾಸ ಇದ್ರೆ ದಾವಣಗೆರೆಗೆ ಕರ್ಕಂಡು ಹೋಗಿ ಅಡ್ಮಿಟ್ ಮಾಡಬೇಕಾಗ್ತತಿ. ಏನಾರ ಮಾಡಿ ಹೊಟ್ಟಿಗೆ ಹೋಗಂಗ ನೋಡ್ರಿ.”

ಅದಾದ ಮೇಲೆ ಒಂದು ಬೆಳಿಗ್ಗೆ ಮಾವನವರು ಬಚ್ಚಲ ಬಾಗಿಲಲ್ಲಿ ಕುಸಿದು ಕೂತರು. ನಮ್ಮ ಯಜಮಾನರು ಮಗುವನ್ನು ಎತ್ತಿದ ಹಾಗೆ ಎತ್ತಿಕೊಂಡು ಬಂದು ಮಲಗಿಸಿದರು. ಅಷ್ಟು ಹಗುರಾಗಿದ್ದರು. ಆಳೆತ್ತರದ ಮನುಷ್ಯ, ನಾನು ಸೊಸೆಯಾಗಿ ಬಂದ ದಿನ ಜೋಳದ ಚೀಲ ಒಬ್ಬರೇ ಎತ್ತಿ ಇಳಿಸಿದವರು.

ಅತ್ತೆಯವರಿಗೆ ಗೊತ್ತಿದ್ದ ಔಷಧ ಒಂದೇ, ಜಾಸ್ತಿ ಬಡಿಸುವುದು. ನಮ್ಮ ಮನೆಯಲ್ಲಿ ಅಕ್ಕರೆಯ ಅಳತೆ ಸೌಟಿನಲ್ಲಿಯೇ. ಒಂದು ಸೌಟು ಸಾಕು ಅಂದವರಿಗೆ ಎರಡು ಹಾಕಬೇಕು, ಎರಡು ಅಂದವರಿಗೆ ತಾಟು ತುಂಬಬೇಕು. ಆದರೆ ಅವರು ಸೌಟು ಎತ್ತುವ ಮೊದಲೇ ಮಾವನವರ ಕೈ ತಾಟಿಗೆ ಅಡ್ಡ ಬರುತ್ತಿತ್ತು.

“ಹಟ ಹಿಡದಾರ. ಮಿರ್ಚಿ ಕೊಡಲಿಲ್ಲ ಅಂತ ಹಟ,” ಎಂದು ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು.

ಆಗಿನ್ನೂ ಮನೆಗೆ ಕೇಬಲ್ ಬಂದ ಹೊಸತು. ಮಧ್ಯಾಹ್ನ ಹಿಂದಿ ಚಾನೆಲ್ಲಿನಲ್ಲಿ ಒಬ್ಬಾಕೆ ತಿರಾಮಿಸು ಅನ್ನುವ ಇಟಲಿಯ ಸಿಹಿ ಮಾಡುತ್ತಿದ್ದಳು. ಉದ್ದನೆಯ ಬಿಸ್ಕತ್ತನ್ನು ಕಾಫಿಯಲ್ಲಿ ಅದ್ದಿ ಒಂದು ಪದರ, ಅದರ ಮೇಲೆ ನುಣ್ಣನೆಯ ಕೆನೆ, ಮತ್ತೆ ಬಿಸ್ಕತ್ತು, ಮತ್ತೆ ಕೆನೆ, ಮೇಲೆ ಕೋಕೋ ಪುಡಿ. ತಿಂದವಳ ದವಡೆ ಅಲುಗಲೇ ಇಲ್ಲ. ನಾನು ತರಕಾರಿ ಹೆಚ್ಚುತ್ತಿದ್ದ ಈಳಿಗೆಮಣೆ ಬಿಟ್ಟು ಎದ್ದು ಬಂದೆ. ಹಲ್ಲಿಲ್ಲದವರಿಗೆ ಇದಕ್ಕಿಂತ ಇನ್ನೇನು ಬೇಕು?

“ಅದರಾಗ ಮೊಟ್ಟಿನೂ ಐತಿ, ಹೆಂಡನೂ ಐತಿ. ಕಣ್ಣು ಕಾಣಂಗಿಲ್ಲೇನು?” ಎಂದರು ಅತ್ತೆ.

“ಅವೆರಡೂ ತೆಗೆದ್ರ ಉಳಿದಿದ್ದು ನಮ್ದ ಐತಿ, ಅತ್ತಿ,” ಎಂದೆ.

ಬೇಕರಿಯಲ್ಲಿ ಮೊಟ್ಟೆ ಹಾಕದ ಟೋಸ್ಟು ಕೇಳಿ ತಂದೆ. ಮೊಸರನ್ನು ಧೋತ್ರದ ತುಂಡಿನಲ್ಲಿ ಕಟ್ಟಿ ತೂಗುಹಾಕಿ, ನೀರು ಬಸಿದ ಮೇಲೆ ಸಕ್ಕರೆ, ಹಾಲಿನ ಕೆನೆ ಹಾಕಿ ಕಡೆದೆ. ಕಾಫಿ ನಮ್ಮ ಮನೆಯ ಅಭ್ಯಾಸವಲ್ಲ, ಪಾಕೀಟು ತರಿಸಿ ಕಲಸಿದೆ. ಟೋಸ್ಟು ಅದ್ದಿ, ಪದರದ ಮೇಲೆ ಪದರ ಹಾಕಿ, ಕೋಕೋ ಉದುರಿಸಿ ದೊಡ್ಡ ತಾಟಿನಲ್ಲಿ ತಂದಿಟ್ಟಾಗ ನನಗೆ ನಾನೇ ಟೀವಿಯವಳಾಗಿದ್ದೆ.

ಮಾವನವರು ತಾಟಿಗೆ ಕೈ ಅಡ್ಡ ಹಿಡಿದರು. ನನ್ನ ಮುಖ ನೋಡಿ ಪಾಪ ಅನ್ನಿಸಿರಬೇಕು, ಅಂಗೈ ಚಾಚಿದರು. ಚಿಟಿಕೆಯಷ್ಟು ಹಾಕಿದೆ. ನೆಕ್ಕಿ ನೋಡಿ, “ಕಹಿ ಐತವಾ. ಮ್ಯಾಲೆ ಕರ್ರಗ ಗುರೆಳ್ಳು ಚಟ್ನಿ ಯಾಕ ಉದುರ್ಸೀಯಿ?” ಎಂದರು.

ಅತ್ತೆ ನಕ್ಕರು. ಬಹಳ ದಿನದ ಮೇಲೆ ಆ ಮನೆಯಲ್ಲಿ ನಗು ಕೇಳಿದ್ದಕ್ಕೆ ನಾನು ಸಿಟ್ಟು ನುಂಗಿಕೊಂಡೆ. ಉಳಿದದ್ದನ್ನು ಮಕ್ಕಳು ಜಗಳಾಡಿ ಮುಗಿಸಿದರು.

ಮರುದಿನ ಕಾಫಿಗೆ ರಜೆ ಕೊಟ್ಟೆ. ಟೋಸ್ಟನ್ನು ಏಲಕ್ಕಿ ಹಾಲಿನಲ್ಲಿ ಅದ್ದಿ, ನಡುವೆ ಬಾಳೆಹಣ್ಣು ಇಟ್ಟೆ. ಮತ್ತೆ ಅಂಗೈ ಬಂತು. “ರುಚಿ ಆಗೈತಿ,” ಎಂದರು. ತಾಟಿಗೆ ಹಾಕಹೋದರೆ ಕೈ ಅಡ್ಡ. ರುಚಿಯೂ ಆಗಿದೆ, ತಾಟಿಗೂ ಬೇಡ! ಇದೆಂಥ ಮನುಷ್ಯ ಎಂದು ಅಡುಗೆ ಮನೆಗೆ ಬಂದು ಪಾತ್ರೆ ಕುಕ್ಕಿದೆ.

ನನ್ನ ತವರು ಇಟ್ಟಿಗಿಯಿಂದ ನಮ್ಮವ್ವ ಕಳಿಸಿದ್ದ ಮಾದಲಿ ಡಬ್ಬಿಯಲ್ಲಿತ್ತು. ಗೋಧಿ ರೊಟ್ಟಿಯನ್ನು ತರಿತರಿಯಾಗಿ ಕುಟ್ಟಿ ಬೆಲ್ಲ, ಏಲಕ್ಕಿ ಸೇರಿಸಿದ್ದು. ಅದನ್ನು ಬಿಸಿ ಹಾಲಿನಲ್ಲಿ ನೆನೆಸಿ ಮೆತ್ತಗೆ ಮಾಡಿ ಟೋಸ್ಟಿನ ಜಾಗಕ್ಕೆ ಹಾಕಿದೆ. ಮೇಲೆ ಕೋಕೋ ಬದಲು ಹುರಿದು ಪುಡಿ ಮಾಡಿದ ಗಸಗಸೆ. ಅತ್ತೆ ಬೆರಳಲ್ಲಿ ನೆಕ್ಕಿ ನೋಡಿ, “ಈಗ ಬಂತು ನೋಡು ಹಾದಿಗೆ,” ಎಂದು ತಾವೇ ಸೌಟು ತುಂಬಿಕೊಂಡು ಹೊರಟರು. ಮತ್ತೆ ಅದೇ ಕೈ.

ಆಗ ನನ್ನ ತಾಳ್ಮೆ ಹರಿಯಿತು. ಆ ಮನೆಯಲ್ಲಿ ಸೊಸೆ ಮಾವನ ಎದುರು ದನಿ ಎತ್ತಿದ್ದು ಅದೇ ಮೊದಲಿರಬೇಕು.

“ಏನು ಮಾಡಿದ್ರೂ ಬ್ಯಾಡ ಅಂದ್ರ ನಾವೇನು ಮಾಡಬೇಕ್ರಿ, ಮಾವ? ದಾವಣಗೆರಿ ದವಾಖಾನಿಗೆ ಹೋಗಿ ಸಲಾಯಿನ್ ಹಾಕಿಸ್ಕಂಡು ಮಲಗ್ತೀರೇನು?”

ಅವರು ಸಿಟ್ಟಾಗಲಿಲ್ಲ. ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಮುಟ್ಟಿಕೊಂಡು ನಿಧಾನಕ್ಕೆ ಅಂದರು, “ಬ್ಯಾಡ ಅಂತಲ್ಲವಾ. ತಾಟಿಗೆ ಹಾಕಿಸ್ಕಂಡ ಮ್ಯಾಲೆ ಮುಗಸಬೇಕು. ಮುಗಸ್ತೀನಿ ಅನ್ನೋ ಧೈರ್ಯ ನನಗ ಈಗ ಇಲ್ಲ.”

ಪೂಜೆ ಮುಗಿಸಿ ಊಟಕ್ಕೆ ಕೂತರೆ ತಾಟಿನಲ್ಲಿರುವುದು ಅವರಿಗೆ ಅನ್ನವಲ್ಲ, ಪ್ರಸಾದ. ಒಂದಗುಳು ಬಿಡುವಂತಿಲ್ಲ. ಉಂಡಾದ ಮೇಲೆ ತಾಟಿಗೆ ನೀರು ಹಾಕಿ, ಬೆರಳಾಡಿಸಿ, ಆ ನೀರನ್ನೂ ಕುಡಿದು ಏಳುವವರು. ಹಲ್ಲು ಕೀಳಿಸಿಕೊಂಡು ಬಂದ ಹೊಸತರಲ್ಲಿ ಅತ್ತೆ ತಾಟು ತುಂಬ ಹಾಲನ್ನ ಬಡಿಸಿದ್ದು, ಮಾವನವರು ಮಧ್ಯಾಹ್ನವೆಲ್ಲ ಅದರ ಮುಂದೆ ಕೂತು, ನೋವಿಗೆ ಕಣ್ಣಲ್ಲಿ ನೀರು ಹಾಕಿಕೊಂಡು ಮುಗಿಸಿ ಎದ್ದದ್ದು ನನಗೆ ಆಗ ನೆನಪಾಯಿತು. ಕೈ ಅಡ್ಡ ಬರತೊಡಗಿದ್ದು ಅದರ ಮರುದಿನದಿಂದ. ಹಟವೂ ಅಲ್ಲ, ಮಿರ್ಚಿಯೂ ಅಲ್ಲ. ನಮ್ಮ ಅಕ್ಕರೆಗೆ ಹೆದರಿ ಆ ಮನುಷ್ಯ ಹಸಿದುಕೊಂಡಿದ್ದರು.

ಬೀಗರು ಬಂದಾಗ ಚಹಾ ಕೊಡಲು ಸಣ್ಣ ಗಾಜಿನ ಲೋಟಗಳಿದ್ದವು. ಅದರಲ್ಲೊಂದನ್ನು ಒರೆಸಿ, ಎರಡು ಚಮಚ ಮಾದಲಿ, ಅದರ ಮೇಲೆ ಕೆನೆ, ಬಾಳೆಹಣ್ಣಿನ ಒಂದು ಬಿಲ್ಲೆ, ಮತ್ತೆ ಕೆನೆ ಹಾಕಿ ತಂದು ಅವರ ಮುಂದೆ ಇಟ್ಟೆ.

ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. “ಇದರ ತಳ ಕಾಣ್ತೈತಿ,” ಎಂದರು. ಚಮಚ ಕೈಗೆ ತಗೊಂಡರು.

ಒಂದು ಪದರ ಮುಗಿದಾಗ ನಿಂತು ಸುಧಾರಿಸಿಕೊಂಡರು. ಇನ್ನೆಷ್ಟಿದೆ ಎಂದು ಹೊರಗಿನಿಂದಲೇ ನೋಡಿ ಮತ್ತೆ ಮುಂದುವರಿಸಿದರು. ಅರ್ಧಕ್ಕೆ ಬಂದಾಗ ಅತ್ತೆ ಅಭ್ಯಾಸಬಲದಿಂದ ಸೌಟು ಹಿಡಿದು ಎದ್ದರು, ನಾನು ಅವರ ಸೆರಗು ಹಿಡಿದು ಕೂರಿಸಿದೆ. ಲೋಟ ಖಾಲಿಯಾಯಿತು. ಮಾವನವರು ತಂಬಿಗೆಯಿಂದ ನೀರು ಹಾಕಿಕೊಂಡು, ಬೆರಳಾಡಿಸಿ, ಕುಡಿದರು.

“ಸಂಜಿಗೆ ಇಂಥದ್ದು ಇನ್ನೊಂದು ಆಗ್ತೈತೇನವಾ?”

ಆಗ್ತೈತ್ರಿ ಅಂದೆ. ಒಳಗೆ ಹೋಗಿ ಹಿಟ್ಟಿನ ಡಬ್ಬಿಗೆ ಒರಗಿ ನಿಂತು, ಎಷ್ಟೋ ದಿನದಿಂದ ಹಿಡಿದಿಟ್ಟಿದ್ದ ಉಸಿರು ಬಿಟ್ಟೆ. ಹಿಂದೆಯೇ ಬಂದ ಅತ್ತೆ ಸೌಟನ್ನು ಮೊಳೆಗೆ ನೇತುಹಾಕಿ, “ಇಷ್ಟೇ ಇತ್ತಲ್ಲೇ ಹುಡುಗಿ,” ಎಂದು ನನ್ನ ಹೆಗಲ ಮೇಲೆ ತಲೆಯಿಟ್ಟು ಅತ್ತರು. ಅತ್ತದ್ದು ಖುಷಿಗೆ.

ಅಲ್ಲಿಂದ ಲೋಟಗಳ ಕಾಲ. ಶೇಂಗಾ ಹೋಳಿಗೆ ಪುಡಿ ಮಾಡಿ ಹಾಕಿದೆ, ಮಾವಿನ ಹಣ್ಣಿನ ಸೀಕರಣೆಯ ಪದರ ಹಾಕಿದೆ, ಸಜ್ಜೆ ರೊಟ್ಟಿ ಕುಟ್ಟಿ ಬೆಲ್ಲ ಕಲಸಿದ ಮಾಲ್ದಿಯನ್ನು ತುಪ್ಪ ಹಾಕಿದ ಹಾಲಲ್ಲಿ ನೆನೆಸಿದೆ. ಸಿಹಿ ತಿಂದು ಸಾಕಾಗಿ ಒಂದು ದಿನ ಮಾವನವರೇ, “ಮಂಡಕ್ಕಿದು ಆಗಂಗಿಲ್ಲೇನು?” ಎಂದು ಕೇಳಿದರು. ಯಾಕಾಗಬಾರದು? ಮಂಡಕ್ಕಿ ನೆನೆಸಿ ಹಿಂಡಿ ಒಂದು ಪದರ, ಒಗ್ಗರಣೆ ಹಾಕಿದ ಕಟ್ಟಿದ ಮೊಸರು ಒಂದು ಪದರ. ಮೇಲೆ ಈ ಸಲ ನಿಜವಾಗಿಯೂ ಗುರೆಳ್ಳು ಚಟ್ನಿ. ಇಟಲಿಯವರು ನೋಡಿದ್ದರೆ ಎದೆ ಒಡೆದುಕೊಳ್ಳುತ್ತಿದ್ದರು. ಮಾವನವರು ಅವತ್ತು ಎರಡು ಲೋಟ ತಿಂದರು.

ಹರಪನಹಳ್ಳಿಯ ಡಾಕ್ಟರು ಒಸಡು ಒತ್ತಿ ನೋಡಿ, ದಾವಣಗೆರೆಯ ಮಾತೇ ಬೇಡ ಎಂದು ಅಳತೆ ತೆಗೆದುಕೊಂಡರು. ಹೊಸ ಹಲ್ಲು ಕೂರಿಸಿಕೊಂಡು ಬಂದ ಸಂಜೆ ಮಾವನವರು ಬಸ್ಸಿನಿಂದಿಳಿದು ಸೀದಾ ಬಂಡಿಗೆ ಹೋಗಿ ಮಿರ್ಚಿ ಕಟ್ಟಿಸಿದರು. ಕಟ್ಟೆಯ ಮೇಲೆ ಕೂತು, ಹೆದರುತ್ತ ಹೆದರುತ್ತ ಒಂದು ಕಡಿದರು, ನಮ್ಮ ಕಡೆ ನೋಡಿದರು, ಇನ್ನೊಂದು ಕಡಿದರು. ನಾವ್ಯಾರೂ ಮಾತಾಡಿಸಲಿಲ್ಲ.

ರಾತ್ರಿ ಪೂಜೆ ಮುಗಿಸಿ ಊಟಕ್ಕೆ ಬಂದರು. ನಾನು ರೂಢಿಯಂತೆ ಗಾಜಿನ ಲೋಟ ತರಲು ಎದ್ದೆ. “ತಾಟ ತಾರವಾ,” ಎಂದರು. ತಾಟು ಇಟ್ಟೆ. ಅತ್ತೆ ಮೊಳೆಯಲ್ಲಿದ್ದ ಸೌಟು ತೆಗೆದು, ಅನ್ನ ತುಂಬಿಕೊಂಡು, ತಾಟಿನ ಮೇಲೆ ಹಿಡಿದು ಒಂದು ಕ್ಷಣ ತಡೆದರು. ಮಾವನವರ ಕೈ ತೊಡೆಯ ಮೇಲೆಯೇ ಇತ್ತು.