ಪಾಸಿನ ಮೇಲಿದ್ದ ಎರಡು ಊರು

ನನ್ನ ಮಗಳು ಉಳಿದದ್ದು ಕಾಯ್ದೆಯಿಂದಲ್ಲ, ದೇವರಿಂದಲೂ ಅಲ್ಲ. ನಾನು ಹೇಳಿದ ಒಂದು ಸುಳ್ಳಿನಿಂದ. ನೆಂಟರು ಇದನ್ನು ಚಂದ ಮಾಡಿ ಹೇಳುತ್ತಾರೆ, ನಂಬಬೇಡಿ.

ಇವತ್ತು ಮೊಮ್ಮಗಳು ಪೇಪರ್ ಹಿಡಿದುಕೊಂಡು, "ಅಜ್ಜಿ, ಹಳ್ಳಿ ಆಸ್ಪತ್ರೆಗೆ ಯಾರು ದುಡ್ಡು ಕೊಡೋದು ಅಂತ ಬಿಲ್ ಪಾಸ್ ಹೋಗಯಾ" ಎಂದಳು. ಅವಳ ಕನ್ನಡ ಅಷ್ಟೇ. ಅಕ್ಕಿ ಆರಿಸುತ್ತಿದ್ದ ನನ್ನ ಕೈ ನಿಂತಿತು. ಬಿಲ್ ಪಾಸ್ ಎಂದರೆ ನಿಮಗೆ ಸುದ್ದಿ. ನನಗೆ ಮಗುವಿನ ಗಂಟಲಿನ ಸೀಟಿ.

ಐವತ್ತರ ದಶಕ. ಆಗ ದಹಿಸರ್ ಮುಂಬಯಿ ಅಲ್ಲ, ಹಳ್ಳಿ. ಶಹರದೊಳಗೆ ದಾದರಿನ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದ ನನ್ನ ಗಂಡ ತಂದೆಯ ಉತ್ತರಕ್ರಿಯೆಗೆ ಉಡುಪಿಗೆ ಹೋಗಿದ್ದರು. ಅವರ ರೈಲು ಪಾಸು ಅವಲಕ್ಕಿ ಡಬ್ಬದ ಹಿಂದೆ ಇತ್ತು. ನಾಲ್ಕು ವರ್ಷದ ಮಗಳಿಗೆ ಎರಡು ದಿನದಿಂದ ಜ್ವರ. ಮೂರನೆಯ ದಿನ ಬೆಳಿಗ್ಗೆ ಉಸಿರು ಸೀಟಿ ಹೊಡೆಯಿತು. ಎತ್ತಿಕೊಂಡು ಲೋಕಲ್ ಬೋರ್ಡಿನ ದವಾಖಾನೆಗೆ ಓಡಿದೆ. ನಿಜ ಹೇಳುತ್ತೇನೆ, ಲೋಕಲ್ ಎಂದರೆ ರೈಲು ಎಂದೇ ತಿಳಿದಿದ್ದೆ. ಅದು ರೈಲಿನವರ ದವಾಖಾನೆ ಎಂದುಕೊಂಡಿದ್ದೆ; ಹಳ್ಳಿಗಳನ್ನು ನೋಡಿಕೊಳ್ಳುವ ಬೋರ್ಡು ಬೇರೆ ಎಂದು ಗೊತ್ತಿರಲಿಲ್ಲ.

ಬೆಳಗಾವಿ ಕಡೆಯ ಕಂಪೌಂಡರ್ ಖಾಲಿ ಕಪಾಟು ತೋರಿಸಿದ. "ಗಂಟಲಮಾರಿ ಇಂಜೆಕ್ಷನ್ ಇಲ್ಲ ಯವ್ವಾ. ಬಿಲ್ ಪಾಸ್ ಆಗಿಲ್ಲ."

"ಪಾಸ್ ಉಂಟು ಮಾರಾಯ್ರೆ! ಮನೆಯಲ್ಲುಂಟು, ಈಗ ತಂದೆ!"

ಓಡಿ ಹೋಗಿ ತಂದೆ. ಅವನು ನಕ್ಕ. "ಇದು ರೈಲಿನ ಪಾಸ್ ಐತಿ ಯವ್ವಾ. ನಿನ್ನ ಗಂಡನ ಪಾಸಿಗೆ ಅಸೆಂಬ್ಲಿ ಕೈ ಎತ್ತತೈತೇನು? ಹಳ್ಳಿ ದವಾಖಾನಿಗೆ ಬೋರ್ಡ್ ಎಷ್ಟು ಕೊಡಬೇಕು, ಸರಕಾರ ಎಷ್ಟು ಕೊಡಬೇಕು ಅಂತ ಅಲ್ಲಿ ಇನ್ನೂ ಮಾತಾಡಾಕತ್ತಾರ." ಆಮೇಲೆ ಮಗುವಿನ ಬಾಯಿ ತೆರೆಸಿ ನೋಡಿದ. ನಗು ಹೋಯಿತು. "ಬಿಳಿ ಪೊರಿ ಕಟ್ಟೇತಿ. ಶಹರಕ್ಕ ಓಡು. ಆದ್ರ ಅಲ್ಲಿ ದೊಡ್ಡಾಸ್ಪತ್ರಿ ಶಹರದವರಿಗಷ್ಟ, ನೆನಪಿರ್ಲಿ."

ಲೋಕಲಿನಲ್ಲಿ ಪ್ರತಿ ಸ್ಟೇಷನ್ನಿಗೂ ಮಗುವಿನ ಮೂಗಿನ ಕೆಳಗೆ ಬೆರಳಿಟ್ಟು ನೋಡಿದೆ. ಎಷ್ಟು ಸ್ಟೇಷನ್ನಿದ್ದವೋ, ಅಷ್ಟು ಸಲ ಅವಳು ಸತ್ತಳು ಎಂದುಕೊಂಡೆ.

ಆಸ್ಪತ್ರೆಯ ಸಾಲಿನಲ್ಲಿ ನನ್ನ ಮುಂದಿದ್ದ ಹೆಂಗಸು "ವಿರಾರ್" ಎಂದಳು; ಅದೂ ನಮ್ಮಂತೆ ಶಹರದ ಹೊರಗಿನ ಊರು. ಗುಮಾಸ್ತ ತಲೆ ಎತ್ತದೆ, ನಿಮ್ಮ ಬೋರ್ಡಿನ ಚೀಟಿ ತನ್ನಿ ಎಂದು ಅವಳನ್ನು ತಿರುಗಿ ಕಳಿಸಿದ. ಮುಷ್ಟಿಯಲ್ಲಿ ಪಾಸು ಹಾಗೇ ಇತ್ತು. ಅವನು ಅದನ್ನು ಬಿಡಿಸಿಕೊಂಡು ಓದಿದ. "ದಹಿಸರ್, ದಾದರ್. ಘರ್ ಕಿಧರ್?"

ಯಾವುದು ಮನೆ, ಯಾವುದು ಕೆಲಸ ಎಂದು ಪಾಸು ಹೇಳುವುದಿಲ್ಲ. "ದಾದರ್" ಎಂದೆ.

ಸೂಜಿ ಚುಚ್ಚಿದರು. ಮಗು ಉಸಿರಾಡಿತು. ವರಾಂಡದಲ್ಲಿ ಬೂಟಿನ ಸದ್ದಾದಾಗಲೆಲ್ಲ ನಮ್ಮನ್ನು ಹೊರಗೆ ಹಾಕಲು ಬಂದರು ಎಂದು ಮಂಚದ ಕಾಲು ಹಿಡಿದೆ.

ಆ ಕಾಯ್ದೆ ಯಾವಾಗ ಪಾಸಾಯಿತೋ ನನಗೆ ಗೊತ್ತಿಲ್ಲ. ಅಷ್ಟರಲ್ಲಿ ದಹಿಸರೇ ಮುಂಬಯಿಯ ಹೊಟ್ಟೆಗೆ ಹೋಯಿತು, ನನ್ನ ಸುಳ್ಳು ಹೆಚ್ಚುಕಡಿಮೆ ನಿಜವಾಯಿತು. ಆದರೂ ಇವತ್ತು ಮೊಮ್ಮಗಳ ಬಾಯಲ್ಲಿ ಆ ಎರಡು ಶಬ್ದ ಕೇಳಿದೊಡನೆ ಅವಳ ಗಂಟಲು ನೋಡಬೇಕೆನಿಸಿತು. ನೋಡಿದೆ. ಅವಳು ನಕ್ಕಳು.

ಆಗ, ಸೂಜಿ ಚುಚ್ಚಿಸಿದ ಮರುದಿನ ಬೆಳಿಗ್ಗೆ, ಮಗಳನ್ನು ನರ್ಸಿಗೆ ಒಪ್ಪಿಸಿ ಮೊದಲ ಲೋಕಲ್ ಹಿಡಿದು ದಹಿಸರಿಗೆ ಹೋದೆ. ಪಕ್ಕದ ಮನೆಯ ಗಿರಿಜಳ ಮಗಳು ನನ್ನ ಮಗಳ ಲೋಟದಲ್ಲೇ ನೀರು ಕುಡಿಯುವವಳು. ಬಾಯಿ ತೆರೆಸಿದೆ. ಬಿಳಿ. ಪಾಸನ್ನು ಗಿರಿಜಳ ಕೈಯಲ್ಲಿಟ್ಟೆ.

"ಮನೆ ಎಲ್ಲಿ ಅಂತ ಕೇಳ್ತಾರೆ. ಎಂತ ಹೇಳ್ತಿ?"

"ಇದೇ... ದಹಿಸರ್."

"ಪುನಃ ಹೇಳು" ಎಂದೆ.