ಗಂಡನ ಮುನಿಸು, ಕೊಡೆ ರಿಪೇರಿಯ ಸಿನಿಮಾ

ಹೆಂಡತಿ ಮುನಿಸಿಕೊಂಡು ತವರಿಗೆ ಹೋಗುವುದನ್ನು ಕೇಳಿದ್ದೀರಿ. ಗಂಡ ಮುನಿಸಿಕೊಂಡು ಅವ್ವನ ಮನೆಗೆ ಹೋದದ್ದನ್ನು ಕೇಳಿದ್ದೀರಾ? ನಮ್ಮವರು ಹೋದರು. ರಾಮನಗರದಿಂದ ಕೈಲಾಂಚಕ್ಕೆ, ಸ್ಕೂಟರಿನಲ್ಲಿ, ಎರಡು ಜೊತೆ ಬಟ್ಟೆ ಮತ್ತು ಫೋನ್ ಚಾರ್ಜರ್ ಸಮೇತ. (ಅದು ನನ್ನ ಚಾರ್ಜರ್!)

ಜಗಳ ಶುರುವಾದದ್ದು ಟೀವಿ ರಿಮೋಟಿನಿಂದ. ನನಗೆ ಪರದೇಶದ ಆರ್ಟ್ ಫಿಲ್ಮ್‌ಗಳ ಹುಚ್ಚು. ಇವರಿಗೋ, ತೆರೆಯ ಮೇಲೆ ಹತ್ತು ಸೆಕೆಂಡ್ ಯಾರೂ ಮಾತಾಡದಿದ್ದರೆ ಬೆರಳು ತಾನಾಗಿ ಫಾರ್ವರ್ಡ್ ಬಟನ್ನಿಗೆ ಹೋಗುತ್ತದೆ. “ನನ್ನ ಮಾತನ್ನೂ ಹಿಂಗೇ ಓಡಿಸ್ತೀರ” ಎಂದೆ. ಅಲ್ಲಿಂದ ಹನ್ನೊಂದು ವರ್ಷದ ಸಿಟ್ಟೆಲ್ಲ ಹೊರಬಿತ್ತು. ಅವರದೂ, ನನ್ನದೂ.

ಪಕ್ಕದ ಮನೆಯಾಕೆ ಕೇಳಿದಾಗ, “ಅತ್ತೆ ಮನೇಲಿ ರೇಷ್ಮೆ ಹುಳ ಹಣ್ಣಾಗಿದೆ, ಸಹಾಯಕ್ಕೆ ಹೋಗಿದ್ದಾರೆ” ಎಂದುಬಿಟ್ಟೆ. ಯಾವ ಊರಿನಲ್ಲಿ ನಿಂತು ಸುಳ್ಳು ಹೇಳುತ್ತಿದ್ದೇನೆ ಎಂದು ಯೋಚಿಸಬೇಡವೇ? ಹಣ್ಣಾದ ಹುಳಕ್ಕೆ ಗೂಡು ಕಟ್ಟಲು ಮೂರು ದಿನ ಸಾಕೆಂದು ಇಲ್ಲಿ ಮಕ್ಕಳಿಗೂ ಗೊತ್ತು. ಹದಿನೈದನೇ ದಿನ ಆಕೆ ಕಾಂಪೌಂಡಿನಾಚೆಯಿಂದ ಕೇಳಿದರು: “ಇನ್ನೂ ಗೂಡು ಕಟ್ಲಿಲ್ವೇನ್ರೀ ನಿಮ್ಮ ಹುಳ?”

ನಾಚಿಕೆಯಾಯಿತು. ದುಃಖ? ಅದು ಮಾತ್ರ ಬರಲೇ ಇಲ್ಲ. ನನಗೆ ಭಯ ಹುಟ್ಟಿಸಿದ್ದೂ ಅದೇ. ಇವರು ವಾಪಸ್ ಬರದಿದ್ದರೂ ನಡೆಯುತ್ತದಾ? ಹಾಗಾದರೆ ನಮ್ಮ ಸಂಸಾರ ಮುಗಿದೇಹೋಯಿತಾ?

ಹತ್ತೊಂಬತ್ತನೇ ದಿನ ಭಾನುವಾರ. ತಿಂಡಿಗೆ ಒಂದು ಬನ್ ತಿಂದು, ಸೋಫಾದ ಮೇಲೆ ಕಾಲು ಚಾಚಿ ಸಿನಿಮಾ ಹಾಕಿದೆ. ಯಾವುದೋ ದ್ವೀಪ. ಕೊಡೆ ರಿಪೇರಿ ಮಾಡುವ ಒಬ್ಬ ಹೆಂಗಸು. ಇಡೀ ಒಂದು ಕೊಡೆಯನ್ನು, ಕಡ್ಡಿ ಕಡ್ಡಿಯಾಗಿ, ಒಂದೇ ಶಾಟಿನಲ್ಲಿ ಸರಿಮಾಡುತ್ತಾಳೆ. ಮಾತಿಲ್ಲ, ಮ್ಯೂಸಿಕ್ ಇಲ್ಲ. ಆಮೇಲೆ ಅದನ್ನು ಮನೆಯೊಳಗೇ ಬಿಚ್ಚಿ ಅದರ ಕೆಳಗೆ ನಿಲ್ಲುತ್ತಾಳೆ. ಅಷ್ಟೇ. ನನಗೆ ಗಳಗಳನೆ ಅಳು ಬಂತು. ಎಂಥಾ ಸುಖ!

ಆಗ ಬಾಗಿಲಲ್ಲಿ ಅತ್ತೆ. ಕೈಲಾಂಚದಿಂದ ಬಸ್ಸಿಗೆ ಬಂದಿದ್ದರು, ಕೈಯಲ್ಲಿ ಹಾಲಿನ ಕ್ಯಾನ್. ನನ್ನ ಮುಖ ನೋಡಿದ್ದೇ ಮಗನಿಗೆ ಫೋನ್ ಮಾಡಿದರು.

“ಲೇ, ನಿನ್ನೆಂಡ್ರು ಅಳ್ತಾ ಕುಂತವ್ಳೆ ಕಣ್ಲಾ! ಕಣ್ಣೆಲ್ಲ ಊದ್ಕಂಡೈತೆ. ಬಂದ್ಬುಡ್ಲಾ.”

ಫೋನಿಟ್ಟು ನನ್ನ ಪಕ್ಕ ಕೂತರು. “ನಂಗೂ ಸಾಕಾಗೈತೆ ಕಣವ್ವ. ಮೂರೊತ್ತೂ ಬಿಸಿ ಮುದ್ದೆನೇ ಆಗ್ಬೇಕು ಅವ್ನಿಗೆ. ಸಾರು ಮಾಡಿದ್ರೆ ನಿನ್ನ ಸಾರಿನಂಗಿಲ್ಲ ಅಂತಾನೆ. ನೀನೇ ಕರ್ಕಂಬುಡು.”

(ನನ್ನ ಸಾರು ಅವ್ವನ ಸಾರಿನಂತಿಲ್ಲ ಎಂದು ಹನ್ನೊಂದು ವರ್ಷ ಹೇಳಿದ ಮನುಷ್ಯ ಇವರೇ ತಾನೆ?)

ನಾನು ಟೀವಿ ಆಫ್ ಮಾಡಲು ಹೋದೆ. ಅತ್ತೆ ಕೈ ಹಿಡಿದರು. “ಒಸಿ ತಡಿ. ಎಷ್ಟು ನೆಮ್ಮದಿಯಾಗವ್ಳೆ ನೋಡು ಈವಮ್ಮ.”

ಅಷ್ಟರಲ್ಲಿ ನನ್ನ ಫೋನ್ ಬಡಿದುಕೊಂಡಿತು. ಇವರೇ.

“ಅಳ್ತಾ ಇದ್ದೀಯಂತೆ?”

ದನಿಯಲ್ಲಿ ಎಷ್ಟು ಆಸೆ! ‘ಹೂಂ’ ಎಂದಿದ್ದರೆ ಸ್ವಲ್ಪ ಹೊತ್ತಿನಲ್ಲೇ ಸ್ಕೂಟರ್ ನಮ್ಮ ಗೇಟಿನ ಮುಂದಿರುತ್ತಿತ್ತು. ಆದರೆ ಅಷ್ಟು ದಿನದ ಮೇಲೆ ಆ ದನಿ ಕೇಳಿ ನನಗೆ ನಿಜವಾಗಿ ಖುಷಿಯಾಯಿತು. ಸದ್ಯ, ಮುಗಿದಿಲ್ಲ! ಆ ಖುಷಿಯಲ್ಲಿ ಸುಳ್ಳು ಹೇಳಲು ಬಾಯಿ ಬರಲಿಲ್ಲ.

“ಸಿನಿಮಾ ನೋಡಿ ಅತ್ತಿದ್ದು. ನೀವಿಲ್ದೆ ನಾನು ಆರಾಮಾಗೇ ಇದ್ದೀನಿ. ಆದ್ರೂ ಬನ್ನಿ.”

“ಯೋಚ್ನೆ ಮಾಡ್ತೀನಿ” ಎಂದು ಫೋನಿಟ್ಟರು.

ಇವತ್ತಿಗೆ ನಾಲ್ಕು ದಿನ. ಅತ್ತೆ ಇನ್ನೂ ನನ್ನ ಜೊತೆಯಲ್ಲೇ ಇದ್ದಾರೆ, ದಿನಕ್ಕೊಂದು ಸಿನಿಮಾ ಕೇಳುತ್ತಾರೆ. ಅಲ್ಲಿ ಹಸು ಕರೆಯುವುದು, ಮುದ್ದೆ ತಿರುವುವುದು ಎಲ್ಲ ಮಗನದೇ. ಇವರು ಇನ್ನೂ ಯೋಚಿಸುತ್ತಿದ್ದಾರೆ.

ನೀವಿಲ್ಲದೆ ಬದುಕಲಾರೆ ಎಂದರೆ ಯಾವ ಗಂಡನಾದರೂ ಓಡಿ ಬಂದಾನು. ನೀವಿಲ್ಲದೆಯೂ ಚೆನ್ನಾಗಿದ್ದೇನೆ, ಆದರೂ ನೀವು ಬೇಕು ಎಂದರೆ ಬರುವವರು ಎಷ್ಟು ಜನ ಇದ್ದೀರಿ?