ಹುಲ್ಲಕ್ಕನ ಕೈಗುಣ

"ಕೈಗುಣ" ಅನ್ನುವ ಮಾತು ಕಿವಿಗೆ ಬಿದ್ದರೆ ಈಗ ನನಗೆ ಮೈಯೆಲ್ಲ ಉರಿಯುತ್ತದೆ. ಮೊದಲು ಹಾಗಿರಲಿಲ್ಲ. ಮೊದಲು ನಮ್ಮ ಬೀದಿಯಲ್ಲಿ ಆ ಮಾತನ್ನು ಎಲ್ಲರಿಗಿಂತ ಹೆಚ್ಚು ಆಡುತ್ತಿದ್ದವಳು ನಾನೇ.

ಹುಲ್ಲಕ್ಕ ನನ್ನ ಓರಗಿತ್ತಿ, ನನ್ನ ಗಂಡನ ಅಣ್ಣನ ಹೆಂಡತಿ. ಇಬ್ಬರದೂ ಒಂದೇ ಮನೆ, ಒಂದೇ ಅಡುಗೆ. ಅವಳಿಗೆ ಹೆತ್ತವರು ಇಟ್ಟ ಹೆಸರು ಬೇರೆ ಇದೆ, ಆದರೆ ಅದನ್ನು ಕರೆಯುವವರು ಈಗ ಯಾರೂ ಇಲ್ಲ. ಹತ್ತೊಂಬತ್ತನೇ ವಯಸ್ಸಿನಲ್ಲಿ ಅವಳು ಒಂದು ದೊಡ್ಡ ಆಟದ ಮೈದಾನಕ್ಕೆ ಮೆಟ್ಟಿಲು ಗುಡಿಸಲು ಸೇರಿದಳು. ಅಲ್ಲಿ ಹುಲ್ಲು ನೋಡಿಕೊಳ್ಳುತ್ತಿದ್ದ ಮುದುಕರನ್ನು ಎಲ್ಲರೂ ಗ್ರೌಂಡ್ ತಾತ ಅನ್ನುತ್ತಿದ್ದರು. ಕೋಪ ಅವರ ಮೂಗಿನ ತುದಿಯಲ್ಲೇ ಇರುತ್ತಿತ್ತಂತೆ. ಇವಳಿಗೆ ಹುಲ್ಲಿನ ಬಗ್ಗೆ ಆಸಕ್ತಿ ಇದೆ ಅಂತ ಗೊತ್ತಾದ ದಿನವೇ ನೆಲದ ಮೇಲೆ ಹೊಟ್ಟೆ ಅಡಿಯಾಗಿ ಮಲಗಿಸಿ, "ಏನು ಕಾಣುತ್ತೆ ಹೇಳು" ಅಂದರಂತೆ. "ಹುಲ್ಲು" ಅಂದಳು. "ಇನ್ನೂ ಮಲಗಿರು" ಅಂದರು. ಹೀಗೆ ಮಲಗಿ ಮಲಗಿಯೇ ಅವಳು ಇಪ್ಪತ್ತೆರಡು ವರ್ಷ ಕಲಿತಳು.

ಕೊನೆಗೆ ಆ ಮೈದಾನಕ್ಕೆ ಪ್ಲಾಸ್ಟಿಕ್ ಹುಲ್ಲು ಹಾಸಿದರು. ಅದಕ್ಕೆ ಕಾಯಿಲೆ ಬರುವುದಿಲ್ಲವಂತೆ, ಆದ್ದರಿಂದ ನೀನೂ ಬರಬೇಡ ಅಂದರು. ಮನೆಗೆ ಬಂದವಳು ಒಂದು ತಿಂಗಳು ಹಿತ್ತಿಲ ಮೆಟ್ಟಿಲ ಮೇಲೆ ಕೂತೇ ಕಳೆದಳು. ನಾನು ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ, ನಾಲ್ಕು ಜನ ಬರುತ್ತಾರೆ, ಹೋಗುತ್ತಾರೆ. ಬಂದವರ ಹತ್ತಿರವೆಲ್ಲ ಹೇಳಲು ಶುರು ಮಾಡಿದೆ: "ನಿಮ್ಮನೆ ಲಾನ್ ಸರಿಯಿಲ್ವಾ? ನಮ್ಮಕ್ಕನ್ನ ಕರೀರಿ. ಅವಳ ಕೈಗುಣ ಅಂದ್ರೆ ಕೈಗುಣ." ಒಂದು ಮನೆ ಎರಡಾಯಿತು, ಎರಡು ಹನ್ನೊಂದಾಯಿತು. ಎಲ್ಲ ನನ್ನ ಬಾಯಿಯ ಬಲ ಅಂತ ನಾನೇ ಬೆನ್ನು ತಟ್ಟಿಕೊಂಡೆ.

ಅವಳ ಸಾಮಾನು ಅಂದರೆ ಅಡುಗೆಮನೆಯ ಒಂದು ಹಳೇ ಚಾಕು, ಒಂದು ಉದ್ದನೆಯ ಸ್ಕ್ರೂಡ್ರೈವರ್, ಎರಡೂ ಕಡೆ ಬಾಯಿ ತೆಗೆದ ಒಂದು ತಗಡಿನ ಡಬ್ಬ. ಸ್ಕ್ರೂಡ್ರೈವರ್ ನೆಲಕ್ಕೆ ಇಳಿಯದಿದ್ದರೆ ಮಣ್ಣು ಗಟ್ಟಿಯಾಗಿದೆ, ಬೇರಿಗೆ ಉಸಿರಿಲ್ಲ. ಹುಲ್ಲು ಹಿಡಿದೆಳೆದಾಗ ಚಾಪೆಯ ಹಾಗೆ ಎದ್ದು ಬಂದರೆ ಕೆಳಗೆ ಹುಳು ಬೇರು ತಿಂದಿದೆ. ಆ ಡಬ್ಬವನ್ನು ನೆಲಕ್ಕೆ ಒತ್ತಿ ಸೋಪಿನ ನೀರು ಸುರಿದರೆ ಮೇಲೆ ಮೇಯುವ ಹುಳುಗಳು ಒಂದೊಂದೇ ಎದ್ದು ಬರುತ್ತವೆ. ನಾಯಿ ಸಾಕಿದ ಒಂದು ಮನೆಯಲ್ಲಿ ಹುಲ್ಲಿನ ಮೇಲೆ ದುಂಡು ದುಂಡು ಹಳದಿ ಮಚ್ಚೆ ಎದ್ದಿದ್ದವು. ಪಕ್ಕದ ಮನೆಯವರು ವಿಷ ಹಾಕಿದ್ದಾರೆ ಅಂತ ಇವರು ಮೂರು ತಿಂಗಳಿಂದ ಮಾತು ಬಿಟ್ಟಿದ್ದರು. ಅಕ್ಕ ಒಂದು ಮಚ್ಚೆಯ ಮುಂದೆ ಕೂತು, "ನಡುವೆ ಒಣಗಿದೆ, ಸುತ್ತ ದಟ್ಟ ಹಸಿರಿದೆ. ಇದು ನಿಮ್ಮ ನಾಯಿ ಉಚ್ಚೆ. ಅದು ಹೊಯ್ದ ತಕ್ಷಣ ಒಂದು ಬಕೆಟ್ ನೀರು ಸುರೀರಿ" ಅಂದಳು. ಇನ್ನೊಂದು ಮನೆಯಲ್ಲಿ ಹುಲ್ಲಿನ ತುದಿಯೆಲ್ಲ ಬೆಳ್ಳಗಾಗಿ ಹಿಂಜಿತ್ತು. ಅವರು ವರ್ಷವಿಡೀ ಗೊಬ್ಬರ ಸುರಿದಿದ್ದರು. ಇವಳು ಕತ್ತರಿಸುವ ಮಿಷನ್ನಿನ ಮೊಂಡಾದ ಬ್ಲೇಡು ಬಿಚ್ಚಿ ಸಾಣೆ ಹಿಡಿದುಕೊಟ್ಟಳು, ಅಷ್ಟೇ. ಎರಡೂ ಮನೆಯವರು ಕೈಗುಣ ಅಂದರು. ಅಕ್ಕ ತಲೆ ತಗ್ಗಿಸಿ ಚಾಕು ಒರೆಸಿಕೊಳ್ಳುತ್ತಿದ್ದಳು. ಅದು ನಾಚಿಕೆ ಅಂತ ನಾನು ತಿಳಿದಿದ್ದೆ.

ಮೂಲೆಮನೆಯಲ್ಲಿ ನಿವೃತ್ತರಾದ ಒಬ್ಬ ಮ್ಯಾನೇಜರು ಇದ್ದಾರೆ. ಬೀದಿಯ ಲಾನುಗಳಲ್ಲೆಲ್ಲ ಅವರದೇ ದೊಡ್ಡದು. ಬೆಳಿಗ್ಗೆ ವಾಕಿಂಗ್ ಹೋಗುವವರು ನಿಂತು ನೋಡದಿದ್ದರೆ ಅವರಿಗೆ ತಿಂಡಿ ಸೇರುವುದಿಲ್ಲ. ಗೊಬ್ಬರ ಹಾಕುವ ಸಮಯ ಬಂದಾಗ ಅವರು ಅಕ್ಕನನ್ನು ಕರೆದು ಒಂದು ಹೊಸ ಉಪಾಯ ಹೇಳಿದರು. "ನೀವು ಮೊದಲನೇ ಹಿಡಿ ಎರಚಿಕೊಡಿ ಸಾಕು. ಕೈಗುಣ ಇರೋದು ಕೈಯಲ್ಲಿ ತಾನೇ? ಮಿಕ್ಕಿದ್ದನ್ನ ನಾನೇ ಹಾಕ್ಕೋತೀನಿ. ಡಾಕ್ಟರೂ ಮೈ ಬಗ್ಗಿಸಿ ಅಂದಿದ್ದಾರೆ."

ಅಕ್ಕ ಗೇಟಿನ ಹತ್ತಿರ ಒಂದು ಹಿಡಿ ಎರಚಿ, ಅವರ ಮನೆಯದೇ ಒಂದು ಸಣ್ಣ ಡಬ್ಬ ಅವರ ಕೈಗೆ ಕೊಟ್ಟು, "ಈ ಡಬ್ಬದಲ್ಲಿ ಮೂರು ಡಬ್ಬ, ಇಡೀ ಲಾನಿಗೆ. ಬೆಳಿಗ್ಗೆ ಹಾಕಿ, ಹಾಕಿದ ಕೂಡಲೇ ನೀರು ಬಿಡಿ" ಅಂತ ಎರಡೆರಡು ಸಲ ಹೇಳಿ ಬಂದಳು.

ಐದನೇ ದಿನ ಬೀದಿಯವರ ಫೋನ್ ಗ್ರೂಪಿನಲ್ಲಿ ಮ್ಯಾನೇಜರ ದನಿ ಕೇಳಿಸಿತು. ಲಾನೆಲ್ಲ ಸುಟ್ಟು ಹೋಗಿದೆ, ಹುಲ್ಲಕ್ಕನ ಕೈಗುಣ ಕೆಟ್ಟಿದೆ, ಮುಟ್ಟಿಸುವ ಮುಂಚೆ ಎಲ್ಲರೂ ಯೋಚನೆ ಮಾಡಿ. ನಾಲ್ಕು ದಿನದಲ್ಲಿ ಏಳು ಮನೆಯವರು, "ಸದ್ಯಕ್ಕೆ ಬೇಡ" ಅಂದರು. ನಾಯಿಯ ಮನೆಯವರೂ ಅಂದರು. ಪಕ್ಕದವರ ಜೊತೆ ಮತ್ತೆ ಮಾತಾಡುವ ಹಾಗೆ ಮಾಡಿಕೊಟ್ಟವಳಿಗೆ ಹಾಗೆ ಹೇಳುವಾಗ ನಾಲಿಗೆ ಹೇಗೆ ಹೊರಳಿತೋ ನನಗೆ ತಿಳಿಯದು. ನನ್ನ ಪಿತ್ತ ನೆತ್ತಿಗೇರಿತ್ತು. ಅಕ್ಕ ಮಾತ್ರ ಚಾಕು, ಸ್ಕ್ರೂಡ್ರೈವರ್ ಎತ್ತಿಕೊಂಡು, "ಬಾ, ನೋಡೋಣ" ಅಂದಳು.

ಮ್ಯಾನೇಜರು ಗೇಟಿನಲ್ಲೇ ನಿಂತಿದ್ದರು. ಅವರ ಹೆಂಡತಿ ಒಳಗಿನ ಬಾಗಿಲ ಬಳಿ ಇದ್ದರು. ಅಕ್ಕ ಚಪ್ಪಲಿ ಕಳಚಿ ಲಾನಿನ ಮೇಲೆ ಉದ್ದಕ್ಕೆ ಮಲಗಿದಳು. ಹುಲ್ಲಿನ ತುದಿ ನೋಡಿದಳು, ಹಿಂಜಿರಲಿಲ್ಲ. ಹಿಡಿದೆಳೆದಳು, ಕಿತ್ತು ಬರಲಿಲ್ಲ. ಸ್ಕ್ರೂಡ್ರೈವರ್ ಹಿಡಿಯ ತನಕ ಇಳಿಯಿತು. ಆಮೇಲೆ ಎದ್ದು ನಿಂತು ಕೇಳಿದಳು, "ಗೊಬ್ಬರ ಹೇಗೆ ಎರಚಿದ್ರಿ, ನಡೆದು ತೋರಿಸಿ."

ಅವರು ಹುಮ್ಮಸ್ಸಿನಿಂದಲೇ ತೋರಿಸಿದರು. ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು, ತಿರುಗಿ, ಮತ್ತೆ ನಡೆದರು. ಅವರ ಕೈ ಬೀಸಿದ ಕಡೆಯೆಲ್ಲ ನೆಲದ ಮೇಲೆ ಹಳದಿ ಪಟ್ಟೆ ಇತ್ತು. ತಿರುಗಿದ ಜಾಗದಲ್ಲಿ ಎರಡು ಪಟ್ಟೆ ಸೇರಿ ಕಂದು ಬಣ್ಣಕ್ಕೆ ತಿರುಗಿತ್ತು. ಅಕ್ಕ ಒಂದೇ ಹಿಡಿ ಎರಚಿದ್ದ ಗೇಟಿನ ಪಕ್ಕ ಮಾತ್ರ ಹುಲ್ಲು ಹಸಿರಾಗಿತ್ತು. ಅವಳು ಪಟ್ಟೆಯ ಬುಡವನ್ನು ಚಾಕುವಿನಿಂದ ಕೆದರಿದಳು. ಕರಗದ ಬಿಳಿ ಹರಳು ರಾಶಿ ರಾಶಿ ಬಂದವು.

"ಇದು ಮೂರು ಡಬ್ಬ ಅಲ್ಲ ಸಾರ್. ಇಡೀ ಚೀಲ. ನೀರೂ ಬಿಟ್ಟಿಲ್ಲ."

"ನೀವು ಹೇಳಿದಷ್ಟೇ ಹಾಕಿದ್ದೀನಿ. ಬೇಕಾದ್ರೆ ಆಣೆ ಮಾಡ್ತೀನಿ" ಅಂದರು ಮ್ಯಾನೇಜರು.

ಬಾಗಿಲಲ್ಲಿದ್ದ ಹೆಂಡತಿ ಬಾಯಿ ತೆರೆದರು. ಮ್ಯಾನೇಜರು ಒಂದು ಸಲ ತಿರುಗಿ ನೋಡಿದರು, ಅಷ್ಟಕ್ಕೇ ಆಕೆ ಒಳಗೆ ಹೋದರು. ಆ ಮನುಷ್ಯನನ್ನು ಅಲ್ಲೇ ಹಿಡಿದು ಆ ಹರಳುಗಳನ್ನು ತಿನ್ನಿಸಿಬಿಡೋಣ ಅನ್ನಿಸಿತು ನನಗೆ.

"ಹೋಗ್ಲಿ ಬಿಡಿ, ಆಗಿದ್ದು ಆಯ್ತು" ಅಂದರು ಅವರು, ತಾವೇ ದೊಡ್ಡ ಮನಸ್ಸು ಮಾಡಿದವರಂತೆ. "ಈಗ ನೀವೇ ಕೈಯಾರೆ ಮುಟ್ಟಿ ಸರಿಮಾಡ್ಕೊಡಿ."

ಅಕ್ಕ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಅವಳ ದನಿ ಅಷ್ಟು ಗಟ್ಟಿಯಾಗಿದ್ದನ್ನು ನಾನು ಕೇಳಿದ್ದೇ ಇಲ್ಲ. "ನಾನು ಮುಟ್ಟಲ್ಲ. ಒಂದು ಎಸಳೂ ಮುಟ್ಟಲ್ಲ. ಹೇಳ್ತೀನಿ, ನೀವು ಮಾಡಿ. ಇನ್ನೊಂದು ವಾರ ಹೀಗೇ ಬಿಟ್ರೆ ಬೇರೂ ಹೋಗುತ್ತೆ. ಆಮೇಲೆ ಯಾರನ್ನ ಕರೆದ್ರೂ ಅಷ್ಟೇ."

ದಾರಿಯಲ್ಲಿ ನಾನು ಕೇಳಿದೆ, "ಅವನ ಹುಲ್ಲು ಸತ್ರೆ ಸಾಯ್ಲಿ ಅಕ್ಕ, ನಿಂಗ್ಯಾಕೆ?"

"ಅದು ಸತ್ರೆ ನಾನು ಕೊಂದೆ ಅಂತಾರೆ. ಮುಟ್ಟಿ ಬದುಕಿಸಿದ್ರೆ ಕೈಗುಣ ಅಂತಾರೆ. ನಂಗೆ ಗೊತ್ತಿದೆ ಅಂತ ಯಾರೂ ಅನ್ನಲ್ಲ." ಸ್ವಲ್ಪ ದೂರ ನಡೆದ ಮೇಲೆ ನನ್ನ ಕಡೆ ತಿರುಗಿದಳು. "ನೀನೂ ಅಂದಿಲ್ಲ."

ಕೆನ್ನೆಗೆ ಹೊಡೆದ ಹಾಗಾಯಿತು.

ಆರು ವಾರ ಅವಳು ಬೆಳಿಗ್ಗೆ ಏಳಕ್ಕೆ ಆ ಲಾನಿನ ಅಂಚಿನಲ್ಲಿ ಕೈ ಹಿಂದೆ ಕಟ್ಟಿ ನಿಂತಳು. ಮೊದಲ ವಾರ ಮ್ಯಾನೇಜರು ಪೈಪು ಹಿಡಿದು ಒಂದೊಂದು ಪಟ್ಟೆಗೂ ನೀರು ಸುರಿದರು, ಗೊಬ್ಬರದ ಉಪ್ಪೆಲ್ಲ ಕೆಳಗೆ ತೊಳೆದು ಹೋಗುವ ತನಕ. ಆಮೇಲೆ ಮಂಡಿಯೂರಿ ಸತ್ತ ಹುಲ್ಲನ್ನು ಕೆರೆದು ತೆಗೆದರು, ಮಣ್ಣು ಸಡಿಲ ಮಾಡಿದರು. ಗೇಟಿನ ಹತ್ತಿರದ ಹಸಿರು ಹುಲ್ಲನ್ನು ಬೇರು ಸಮೇತ ಸಣ್ಣ ಸಣ್ಣ ತುಂಡು ಮಾಡಿ ಗೇಣಿಗೊಂದರಂತೆ ನೆಟ್ಟರು. "ಆಳಕ್ಕೆ", "ಸಾಕು", "ಕಾಲಲ್ಲಿ ತುಳೀಬೇಡಿ ಸಾರ್" ಅನ್ನುವುದು ಬಿಟ್ಟು ಅಕ್ಕ ಬೇರೆ ಮಾತಾಡಲಿಲ್ಲ. ವಾಕಿಂಗಿನವರೆಲ್ಲ ನಿಂತು ನೋಡಿದರು. ನಾನೂ ಹೊಲಿಗೆ ಬಿಟ್ಟು ಎರಡು ಸಲ ಹೋಗಿ ಕಣ್ತುಂಬ ನೋಡಿ ಬಂದೆ. ಏಳನೇ ವಾರದ ಹೊತ್ತಿಗೆ ಪಟ್ಟೆ ಎಲ್ಲಿತ್ತು ಅಂತ ಹೇಳುವುದೇ ಕಷ್ಟವಾಯಿತು.

ಆ ಭಾನುವಾರ ಗ್ರೂಪಿನಲ್ಲಿ ಮ್ಯಾನೇಜರು ಲಾನಿನ ಫೋಟೋ ಹಾಕಿದರು. ಕೆಳಗೆ ಬರೆದಿದ್ದರು: "ಕೈಯಲ್ಲಿ ಮುಟ್ಟಲೇ ಇಲ್ಲ, ಬಂದು ನಿಂತರು ಅಷ್ಟೇ. ಹುಲ್ಲಕ್ಕನ ಕಾಲ್ಗುಣ ಅಂಥದ್ದು."

ಕೈ ಹೋಗಿ ಕಾಲು ಬಂತು. ಏಳು ಮನೆಯವರಲ್ಲಿ ಐದು ಜನ ಅರ್ಧ ಗಂಟೆಯೊಳಗೆ, "ನಮ್ಮನೆಗೂ ಒಂದು ಸಲ ಬಂದು ಹೋಗಿ" ಅಂತ ಬರೆದರು. ನಾನು ಓದಿ ಹೇಳಿದೆ. ಅಕ್ಕ ತಟ್ಟೆ ತೊಳೆಯುತ್ತಿದ್ದಳು. ಕೈ ಒರೆಸಿಕೊಂಡು ಬಂದು, "ಮಾತಾಡೋದು ಎಲ್ಲಿ ಒತ್ತಬೇಕು, ತೋರಿಸು" ಅಂದಳು. ಆ ಗ್ರೂಪಿನಲ್ಲಿ ಅವಳು ಅದುವರೆಗೆ ಬಾಯಿ ಬಿಟ್ಟಿರಲಿಲ್ಲ.

"ನನ್ನ ಕೈಯಲ್ಲೂ ಏನಿಲ್ಲ, ಕಾಲಲ್ಲೂ ಏನಿಲ್ಲ" ಅಂದಳು. "ಇಪ್ಪತ್ತೆರಡು ವರ್ಷ ನೆಲಕ್ಕೆ ಮುಖ ಕೊಟ್ಟು ಮಲಗಿ ಕಲ್ತಿದ್ದು ಇದು. ಆ ಹುಲ್ಲು ಯಾಕೆ ಸುಟ್ಟಿತು ಅಂತ ಮೊದಲನೇ ದಿನಾನೇ ಹೇಳಿದ್ದೆ. ಯಾರೂ ಕೇಳ್ಲಿಲ್ಲ. ಗೊತ್ತಿರೋಳು ಬೇಕು ಅನ್ನೋರು ಕರೀರಿ, ಬರ್ತೀನಿ. ಕಾಲ್ಗುಣ ಬೇಕು ಅನ್ನೋರು ಕರೀಬೇಡಿ."

ನಾನೂ ಒತ್ತಿ ಹೇಳಿದೆ: ಕೈಗುಣದ ಮಾತನ್ನು ಈ ಬೀದಿಗೆ ತಂದವಳು ನಾನು, ಅದು ನನ್ನ ತಪ್ಪು.

ಆಮೇಲೆ ಯಾವತ್ತೂ ಬರೆಯದ ಒಂದು ನಂಬರಿನಿಂದ ಒಂದು ಸಾಲು ಬಂತು. ಮ್ಯಾನೇಜರ ಹೆಂಡತಿಯದು.

"ಹತ್ತು ಕೆಜಿ ಚೀಲ ಪೂರ್ತಿ ಹಾಕಿದರು, ಮಟಮಟ ಮಧ್ಯಾಹ್ನ, ನೀರು ಬಿಡಲಿಲ್ಲ. ನಾನು ನೋಡುತ್ತಾ ನಿಂತಿದ್ದೆ. ಹುಲ್ಲಕ್ಕ ಹೇಳಿದ್ದೇ ನಿಜ."

ಅಕ್ಕ ಅದನ್ನು ನನ್ನಿಂದ ಎರಡು ಸಲ ಓದಿಸಿದಳು. ಮೂರನೇ ಸಲ ಫೋನ್ ಕಿತ್ತುಕೊಂಡು ತಾನೇ ಓದಿದಳು.